ಶೇಕಡ ಐದು, ಯಾವುದರಲ್ಲಿ? ಒದ್ದೆ ಉಸುಕಿನ ತೂಕ ಸರಿಪಡಿಸುವ ಲೆಕ್ಕ ಮತ್ತು ಎಂಟನೆಯ ತರಗತಿಯ ಗಣಿತ

ಶೇಕಡ ಕಲಿಸುವಾಗ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಲಾಭ-ನಷ್ಟ, ರಿಯಾಯಿತಿ, ಬಡ್ಡಿ ಈ ಮೂರನ್ನೇ ಉದಾಹರಣೆಗೆ ಆರಿಸಿಕೊಳ್ಳುತ್ತೇವೆ. ಮಕ್ಕಳು ಸೂತ್ರವನ್ನು ಕಲಿತುಬಿಡುತ್ತಾರೆ, ಉತ್ತರವೂ ಬರುತ್ತದೆ. ಆದರೆ ಶೇಕಡ ಎಂದರೆ ಒಂದು ಹೋಲಿಕೆ, ಯಾವುದಕ್ಕೆ ಹೋಲಿಸಿದೆವು ಎಂದು ಹೇಳದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ ಎಂಬ ಮೂಲ ಮಾತು ಹಿಂದೆ ಉಳಿಯುತ್ತದೆ. ರಿಯಾಯಿತಿಯ ಲೆಕ್ಕದಲ್ಲಿ ನಮೂದಿಸಿದ ಬೆಲೆಯೇ ಆಧಾರ ಎಂದು ಪಠ್ಯಪುಸ್ತಕವೇ ಹೇಳಿಬಿಡುವುದರಿಂದ ಮಗು ಆಧಾರವನ್ನು ತಾನೇ ಹುಡುಕಬೇಕಾದ ಸಂದರ್ಭ ಬರುವುದು ಕಡಿಮೆ.

ಸಿರುಗುಪ್ಪ ತಾಲ್ಲೂಕಿನ ರಾರಾವಿಯಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೆಯ ತರಗತಿಗೆ ‘ಪರಿಮಾಣಗಳ ಹೋಲಿಕೆ’ ಘಟಕದ ಪುನರಾವರ್ತನೆಗಾಗಿ ನಾನು ಆರಿಸಿಕೊಂಡದ್ದು ಬೇರೆ ಬಗೆಯ ಉದಾಹರಣೆ: ಕಾಂಕ್ರೀಟ್ ಕಲಸುವಾಗ ಒದ್ದೆ ಉಸುಕಿನ ತೂಕವನ್ನು ಸರಿಪಡಿಸುವ ಲೆಕ್ಕ. ವೇದಾವತಿ, ಅಂದರೆ ಜನ ಹಗರಿ ಎಂದು ಕರೆಯುವ ಹೊಳೆ, ಈ ಊರಿನ ಬಳಿಯೇ ಹರಿಯುತ್ತದೆ. ಉಸುಕು ಮಕ್ಕಳಿಗೆ ಹೊಸದಲ್ಲ. ಹಲವರ ಮನೆಯವರು ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳಿದ್ದನ್ನು ನಾವೆಲ್ಲ ಓದಿದ್ದೇವೆ. ಅದನ್ನು ಒಂದು ನಿಜವಾದ ಲೆಕ್ಕದ ಮೂಲಕ ಹೇಗೆ ಮಾಡಬಹುದು ಎಂಬುದನ್ನು ಈ ಲೇಖನ ವಿವರಿಸುತ್ತದೆ. ರಾರಾವಿಯ ಮಕ್ಕಳ ಬಾಯಲ್ಲಿ ಮರಳು ಎಂದರೆ ಉಸುಕು. ಇಲ್ಲಿಯೂ ಅದೇ ಪದವನ್ನು ಉಳಿಸಿಕೊಂಡಿದ್ದೇನೆ.

ವಿಷಯದ ಹಿನ್ನೆಲೆ

ಕಾಂಕ್ರೀಟಿನಲ್ಲಿ ಸಿಮೆಂಟ್, ಉಸುಕು, ಜಲ್ಲಿ, ನೀರು ಈ ನಾಲ್ಕು ಇರುತ್ತವೆ. ಸಿಮೆಂಟಿನೊಡನೆ ರಾಸಾಯನಿಕವಾಗಿ ಕೂಡಿಕೊಳ್ಳುವ ನೀರು ಸಿಮೆಂಟಿನ ತೂಕದ ಸುಮಾರು ಕಾಲು ಭಾಗ ಮಾತ್ರ. ಆದರೆ ಅಷ್ಟೇ ನೀರು ಹಾಕಿದರೆ ಮಿಶ್ರಣ ಗಟ್ಟಿಯಾಗಿ, ಕಂಬಿಗಳ ನಡುವೆ ಇಳಿಯುವುದಿಲ್ಲ. ಆದ್ದರಿಂದ ಹೆಚ್ಚಿಗೆ ನೀರು ಬೇಕಾಗುತ್ತದೆ. ಹೀಗೆ ಹಾಕಿದ ಹೆಚ್ಚಿನ ನೀರು ಮುಂದೆ ಆರಿಹೋದಾಗ ಅದಿದ್ದ ಜಾಗ ಸಣ್ಣ ರಂಧ್ರವಾಗಿ ಉಳಿಯುತ್ತದೆ. ರಂಧ್ರ ಹೆಚ್ಚಿದಷ್ಟೂ ಬಲ ಕಡಿಮೆ. ಮಳೆನೀರು ಒಳಗಿಳಿದು ಕಂಬಿಗೆ ತುಕ್ಕು ಹಿಡಿಯುವ ದಾರಿಯೂ ಅದೇ.

ಅಮೆರಿಕದ ಎಂಜಿನಿಯರ್ ಡಫ್ ಅಬ್ರಾಮ್ಸ್ 1918ರಲ್ಲಿ ಪ್ರಕಟಿಸಿದ ನಿಯಮ ಇದನ್ನೇ ಹೇಳುತ್ತದೆ: ಚೆನ್ನಾಗಿ ಕೂರಿಸಿದ ಕಾಂಕ್ರೀಟಿನ ಬಲವನ್ನು ಮುಖ್ಯವಾಗಿ ನಿರ್ಧರಿಸುವುದು ನೀರು ಮತ್ತು ಸಿಮೆಂಟಿನ ಅನುಪಾತ. ನಮ್ಮ ದೇಶದ ಸಂಹಿತೆಯಾದ ಐಎಸ್ 456:2000 ಈ ಅನುಪಾತವನ್ನು ಬದಲಾಗದಂತೆ ಕಾಯ್ದುಕೊಳ್ಳಬೇಕು, ಅದಕ್ಕಾಗಿ ಉಸುಕು-ಜಲ್ಲಿಗಳ ತೇವಾಂಶವನ್ನು ಸಾಧ್ಯವಾದಷ್ಟು ಬಾರಿ ಪರೀಕ್ಷಿಸಬೇಕು, ಹವಾಮಾನಕ್ಕೆ ತಕ್ಕಂತೆ ಎಷ್ಟು ಸಲ ಎಂಬುದನ್ನು ಎಂಜಿನಿಯರ್ ನಿರ್ಧರಿಸಬೇಕು ಎನ್ನುತ್ತದೆ. ಹಾಕುವ ನೀರನ್ನೂ ಸರಿಪಡಿಸಬೇಕು, ಉಸುಕು-ಜಲ್ಲಿಗಳ ತೂಕವನ್ನೂ ಸರಿಪಡಿಸಬೇಕು. ಎರಡನ್ನೂ ಮಾಡಬೇಕೆಂಬುದು ಮುಖ್ಯ. ತರಗತಿಯ ಚರ್ಚೆಯೆಲ್ಲ ಈ ‘ಎರಡನ್ನೂ’ ಎಂಬ ಮಾತಿನ ಸುತ್ತಲೇ ನಡೆಯಿತು.

ಒಂದು ಕಣದ ನಾಲ್ಕು ಸ್ಥಿತಿಗಳು

ಉಸುಕಿನ ಕಣ ನೋಡಲು ಕಲ್ಲಿನ ಚೂರು, ಆದರೆ ಅದರ ಒಳಗೂ ಸೂಕ್ಷ್ಮ ರಂಧ್ರಗಳಿವೆ. ಅವು ನೀರು ಹೀರುತ್ತವೆ. ಇದನ್ನು ವಿವರಿಸಲು ಕಡಲೆಕಾಳಿಗಿಂತ ಒಳ್ಳೆಯ ಬೋಧನೋಪಕರಣ ಬೇಕಿಲ್ಲ. ಹುರಿದ ಕಡಲೆ, ಡಬ್ಬಿಯಲ್ಲಿಟ್ಟ ಸಾಮಾನ್ಯ ಕಡಲೆ, ರಾತ್ರಿ ನೆನೆಸಿ ಬಟ್ಟೆಯಲ್ಲಿ ಒರೆಸಿದ ಕಡಲೆ, ನೀರಿನಿಂದ ಈಗಷ್ಟೇ ತೆಗೆದ ಕಡಲೆ ಹೀಗೆ ನಾಲ್ಕು ತಟ್ಟೆಗಳನ್ನು ಇಟ್ಟರೆ ಸಾಕು.

1. ಪೂರ್ಣ ಒಣ: ಒಳಗೂ ಹೊರಗೂ ನೀರಿಲ್ಲ. ಒಲೆಯ ಮೇಲೆ ಹುರಿದ ಉಸುಕು.
2. ಗಾಳಿ ಒಣ: ಮೇಲೆ ಒಣಗಿದೆ, ಒಳಗೆ ಸ್ವಲ್ಪ ತೇವವಿದೆ, ಆದರೆ ರಂಧ್ರ ತುಂಬಿಲ್ಲ. ಬೇಸಿಗೆಯ ಬಿಸಿಲಿಗೆ ಹರಡಿದ ಉಸುಕು.
3. ಒರೆಸಿದ ಸ್ಥಿತಿ: ಒಳಗಿನ ರಂಧ್ರ ತುಂಬಿದೆ, ಮೇಲ್ಮೈ ಒಣಗಿದೆ. ಎಂಜಿನಿಯರುಗಳು ಇದನ್ನು ಎಸ್‌ಎಸ್‌ಡಿ ಎನ್ನುತ್ತಾರೆ. ತರಗತಿಯಲ್ಲಿ ಒರೆಸಿದ ಕಡಲೆಯ ನೆನಪಿನಿಂದ ‘ಒರೆಸಿದ ಸ್ಥಿತಿ’ ಎಂದೇ ಕರೆದೆವು.
4. ಒದ್ದೆ: ಒಳಗೂ ತುಂಬಿದೆ, ಹೊರಗೂ ನೀರಿನ ಪೊರೆಯಿದೆ.

ಒರೆಸಿದ ಸ್ಥಿತಿಯ ಉಸುಕು ಮಿಶ್ರಣಕ್ಕೆ ನೀರನ್ನು ಕೊಡುವುದೂ ಇಲ್ಲ, ಮಿಶ್ರಣದಿಂದ ಕಸಿಯುವುದೂ ಇಲ್ಲ. ಆದ್ದರಿಂದ ನಮ್ಮ ಲೆಕ್ಕಕ್ಕೆ ಅದನ್ನೇ ನೆಲೆಯಾಗಿ ಇಟ್ಟುಕೊಂಡೆವು. ಒದ್ದೆ ಉಸುಕು ನೀರು ಕೊಡುತ್ತದೆ. ಗಾಳಿ ಒಣ ಉಸುಕು ನೀರು ಕಸಿಯುತ್ತದೆ. ಒಣ ಕಣ ಒರೆಸಿದ ಸ್ಥಿತಿಗೆ ಬರುವವರೆಗೆ ಹೀರುವ ನೀರಿಗೆ ‘ಹೀರಿಕೆ’ ಎಂದು ಹೆಸರು. ಒಟ್ಟು ತೇವಾಂಶದಿಂದ ಹೀರಿಕೆಯನ್ನು ಕಳೆದರೆ ಉಳಿಯುವುದು ಮೇಲ್ಮೈ ನೀರು. ಸಿಮೆಂಟಿಗೆ ಸಿಗುವುದು ಈ ಮೇಲ್ಮೈ ನೀರು ಮಾತ್ರ.

ತೇವಾಂಶ ಕಂಡುಹಿಡಿಯುವ ಚಟುವಟಿಕೆ

ಐಎಸ್ 2386ರ ಮೂರನೆಯ ಭಾಗ (1963) ತೇವಾಂಶ ಮತ್ತು ಹೀರಿಕೆಯ ಪರೀಕ್ಷೆಗಳನ್ನು ವಿವರಿಸುತ್ತದೆ. ಶಾಲೆಯಲ್ಲಿ ಒಣಗಿಸುವ ವಿಧಾನ ಸಾಕು. ಬೇಕಾದ ಸಾಮಗ್ರಿಗಳು ಇಷ್ಟೇ: ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅಗಲವಾದ ಬಾಣಲೆ, ಒಲೆ, ಸೌಟು, ಒಂದು ಗಾಜಿನ ತುಂಡು, ಪ್ಲಾಸ್ಟಿಕ್ ಚೀಲ.

ಮೊದಲ ಎಚ್ಚರಿಕೆ ಮಾದರಿಯದು. ಉಸುಕಿನ ಗುಡ್ಡೆಯ ಮೇಲ್ಪದರ ಬಿಸಿಲಿಗೆ ಒಣಗಿರುತ್ತದೆ, ಬುಡದಲ್ಲಿ ನೀರು ಇಳಿದು ನಿಂತಿರುತ್ತದೆ. ಎರಡನ್ನೂ ಬಿಟ್ಟು ನಡುವಿನ ನಾಲ್ಕೈದು ಕಡೆಯಿಂದ ತೆಗೆದು ಕಲಸಬೇಕು. ತೂಗುವವರೆಗೆ ಚೀಲದ ಬಾಯಿ ಕಟ್ಟಿರಬೇಕು. ಬಳ್ಳಾರಿಯ ಬಿಸಿಲಿನಲ್ಲಿ ತೆರೆದಿಟ್ಟ ಮಾದರಿ ಬೇಗ ಹಗುರಾಗುತ್ತದೆ.

ಮಾದರಿಯನ್ನು ತೂಗಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಒಣಗಿಸಬೇಕು. ಮೇಲೆ ತಣ್ಣನೆಯ ಗಾಜನ್ನು ಹಿಡಿದಾಗ ಮಂಜು ಕಟ್ಟದಿದ್ದರೆ ನೀರು ಹೋಗಿದೆ ಎಂದರ್ಥ. ಆರಿಸಿ ತೂಗಬೇಕು, ಮತ್ತೊಮ್ಮೆ ಬಿಸಿ ಮಾಡಿ ತೂಗಬೇಕು. ಎರಡೂ ತೂಕ ಒಂದೇ ಬಂದಾಗ ನಿಲ್ಲಿಸಬೇಕು. ಒಲೆಯ ಕೆಲಸ ಶಿಕ್ಷಕರದೇ, ಮಕ್ಕಳದು ತೂಗುವುದು ಮತ್ತು ಬರೆಯುವುದು. ಬಿಸಿಲಿನಲ್ಲಿ ಒಣಗಿಸಿದರೆ ಆಗದೇ ಎಂದು ಮಕ್ಕಳು ಕೇಳುತ್ತಾರೆ. ಬಿಸಿಲು ಉಸುಕನ್ನು ಗಾಳಿ ಒಣ ಸ್ಥಿತಿಗೆ ತರುತ್ತದೆ, ಪೂರ್ಣ ಒಣ ಸ್ಥಿತಿಗೆ ತರುವುದಿಲ್ಲ. ಈ ಪ್ರಶ್ನೆ ಬಂದರೆ ನಾಲ್ಕು ಸ್ಥಿತಿಗಳ ಪಾಠ ತಲುಪಿದೆ ಎಂದೇ ತಿಳಿಯಬಹುದು.

ಲೆಕ್ಕಕ್ಕೆ ಹೊಂದುವ ಒಂದು ಉದಾಹರಣೆ: ಒದ್ದೆ ತೂಕ 530 ಗ್ರಾಂ, ಒಣ ತೂಕ 500 ಗ್ರಾಂ. ಹೋದ ನೀರು 30 ಗ್ರಾಂ. ಹಾಗಾದರೆ ತೇವಾಂಶ ಶೇಕಡ ಎಷ್ಟು?

ಇಲ್ಲಿ ತರಗತಿ ಎರಡು ಭಾಗವಾಗುತ್ತದೆ. ಕೆಲವರು 30ನ್ನು 530ರಿಂದ ಭಾಗಿಸಿ ಶೇ. 5.66 ಎನ್ನುತ್ತಾರೆ, ಕೆಲವರು 500ರಿಂದ ಭಾಗಿಸಿ ಶೇ. 6 ಎನ್ನುತ್ತಾರೆ. ಗುಣಾಕಾರ-ಭಾಗಾಕಾರ ಎರಡರಲ್ಲೂ ಸರಿಯಿದೆ, ಬೇರೆಯಾಗಿರುವುದು ಆಧಾರ. ಕಟ್ಟಡದ ಕೆಲಸದಲ್ಲಿ ರೂಢಿ ಒಣ ತೂಕವನ್ನು ಆಧಾರವಾಗಿಸುವುದು. ಕಾರಣ ಸರಳ: ಒದ್ದೆ ತೂಕ ಮಳೆ ಬಂದರೆ ಏರುತ್ತದೆ, ಬಿಸಿಲು ಬಂದರೆ ಇಳಿಯುತ್ತದೆ. ಒಣ ತೂಕ ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ. ಅಳತೆಗೋಲು ಅಲುಗಾಡದೆ ನಿಂತಿರಬೇಕು.

ಭತ್ತಕ್ಕೆ ಒಂದು ಆಧಾರ, ಉಸುಕಿಗೆ ಇನ್ನೊಂದು

ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಈ ತಾಲ್ಲೂಕಿನ ಮಕ್ಕಳಿಗೆ ‘ತೇವಾಂಶ’ ಎಂಬ ಪದ ಗಣಿತಕ್ಕಿಂತ ಮೊದಲೇ ಪರಿಚಿತ. ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವಾಂಶದ ಮಿತಿ ಶೇ. 17 ಎಂಬುದನ್ನು ಮನೆಯಲ್ಲಿ ಕೇಳಿರುತ್ತಾರೆ. ಆದರೆ ಧಾನ್ಯದ ತೇವಾಂಶದಲ್ಲಿ ಆಧಾರ ಒದ್ದೆ ತೂಕ, ಅಂದರೆ ಧಾನ್ಯ ಇದ್ದ ಹಾಗೆಯೇ ತೂಗಿದ ತೂಕ. ಶೇ. 17 ತೇವಾಂಶದ 100 ಕೆ.ಜಿ. ಭತ್ತದಲ್ಲಿ ನೀರು 17 ಕೆ.ಜಿ., ಒಣ ಪದಾರ್ಥ 83 ಕೆ.ಜಿ. ಅದೇ ಭತ್ತವನ್ನು ಉಸುಕಿನ ರೂಢಿಯಂತೆ ಲೆಕ್ಕ ಹಾಕಿದರೆ 17 ÷ 83, ಅಂದರೆ ಸುಮಾರು ಶೇ. 20.5 ಬರುತ್ತದೆ. ಭತ್ತ ಬದಲಾಗಲಿಲ್ಲ, ನೀರೂ ಬದಲಾಗಲಿಲ್ಲ, ಸಂಖ್ಯೆ ಮಾತ್ರ ಬದಲಾಯಿತು.

ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿಯೂ ಇದೇ ಬರುತ್ತದೆ. ದ್ರಾವಣದ ಸಾರತೆಯನ್ನು ರಾಶಿಯ ಶೇಕಡದಲ್ಲಿ ಹೇಳುವಾಗ ಭಾಗಿಸುವುದು ಇಡೀ ದ್ರಾವಣದ ರಾಶಿಯಿಂದ, ದ್ರಾವಕದ ರಾಶಿಯಿಂದಲ್ಲ. ಎಂಟನೆಯ ತರಗತಿಯಲ್ಲಿಯೇ ‘ಯಾವುದರ ಶೇಕಡ?’ ಎಂದು ಕೇಳುವ ಅಭ್ಯಾಸವಾದರೆ ಮುಂದಿನ ವರ್ಷದ ರಸಾಯನಶಾಸ್ತ್ರಕ್ಕೂ ಅದು ಬುನಾದಿಯಾಗುತ್ತದೆ.

ಕಪ್ಪುಹಲಗೆಯ ಮೇಲಿನ ಲೆಕ್ಕ

ಐಎಸ್ 456:2000ರಲ್ಲಿ ಎಂ20 ದರ್ಜೆಯ ನಾಮಿನಲ್ ಮಿಶ್ರಣಕ್ಕೆ 50 ಕೆ.ಜಿ.ಯ ಒಂದು ಚೀಲ ಸಿಮೆಂಟಿಗೆ ಉಸುಕು ಮತ್ತು ಜಲ್ಲಿ ಸೇರಿ ಗರಿಷ್ಠ 250 ಕೆ.ಜಿ., ನೀರು ಗರಿಷ್ಠ 30 ಲೀಟರ್ ಎಂದಿದೆ. ಆ ಮಿತಿಯೊಳಗೆ, ಮಕ್ಕಳಿಗೆ ಲೆಕ್ಕ ಸುಲಭವಾಗುವಂತೆ ಈ ಪ್ರಮಾಣಗಳನ್ನು ಇಟ್ಟುಕೊಂಡೆವು. ಉಸುಕು ಮತ್ತು ಜಲ್ಲಿ ಎರಡೂ ಒರೆಸಿದ ಸ್ಥಿತಿಯಲ್ಲಿವೆ ಎಂದು ಊಹೆ.

ಸಿಮೆಂಟ್ 50 ಕೆ.ಜಿ.
ಉಸುಕು 100 ಕೆ.ಜಿ.
ಜಲ್ಲಿ 150 ಕೆ.ಜಿ.
ನೀರು 27.5 ಕೆ.ಜಿ.
ಒಟ್ಟು 327.5 ಕೆ.ಜಿ.

ನೀರು-ಸಿಮೆಂಟ್ ಅನುಪಾತ 27.5 ÷ 50 = 0.55. ನೀರು ಒಂದು ಲೀಟರಿಗೆ ಒಂದು ಕೆ.ಜಿ. ಆದ್ದರಿಂದ ಲೀಟರ್ ಎಂದರೂ ಸರಿ, ಕೆ.ಜಿ. ಎಂದರೂ ಸರಿ.

ಈಗ ಮಳೆಯ ಮರುದಿನ ಎಂದುಕೊಳ್ಳೋಣ. ಉಸುಕಿನ ಒಟ್ಟು ತೇವಾಂಶ ಶೇ. 6, ಹೀರಿಕೆ ಶೇ. 1. ಜಲ್ಲಿಯ ಒಟ್ಟು ತೇವಾಂಶ ಶೇ. 1.5, ಹೀರಿಕೆ ಶೇ. 0.5. ಎಲ್ಲಕ್ಕೂ ಆಧಾರ ಒಣ ತೂಕ. ಒಣ ಉಸುಕು 100 ಭಾಗವಿದ್ದರೆ ಒರೆಸಿದ ಸ್ಥಿತಿಯಲ್ಲಿ ಅದು 101, ಒದ್ದೆಯಾದಾಗ 106. ಆದ್ದರಿಂದ,

ತೂಗಬೇಕಾದ ಒದ್ದೆ ಉಸುಕು = 100 × 106 ÷ 101 = 104.95 ಕೆ.ಜಿ.
ತೂಗಬೇಕಾದ ಒದ್ದೆ ಜಲ್ಲಿ = 150 × 101.5 ÷ 100.5 = 151.49 ಕೆ.ಜಿ.
ಉಸುಕಿನೊಡನೆ ಬರುವ ನೀರು 4.95 ಕೆ.ಜಿ., ಜಲ್ಲಿಯೊಡನೆ ಬರುವ ನೀರು 1.49 ಕೆ.ಜಿ.
ಮಿಕ್ಸರಿಗೆ ಹಾಕಬೇಕಾದ ನೀರು = 27.5 − 4.95 − 1.49 = 21.06 ಕೆ.ಜಿ.

ಕೆಲಸದ ಜಾಗದಲ್ಲಿ ಇಷ್ಟು ದಶಮಾಂಶ ಬೇಕಿಲ್ಲ. ಉಸುಕು 105, ಜಲ್ಲಿ 151.5, ನೀರು 21 ಎಂದರೆ ಸಾಕು. ಸಂಹಿತೆಯ ಪ್ರಕಾರ ಉಸುಕು, ಜಲ್ಲಿ, ನೀರನ್ನು ಅಳೆಯುವ ಉಪಕರಣದ ನಿಖರತೆ ಶೇ. 3ರೊಳಗೆ, ಸಿಮೆಂಟಿನದು ಶೇ. 2ರೊಳಗೆ ಇರಬೇಕು. ಕೊನೆಗೆ ತಾಳೆ ನೋಡಬೇಕು: 50 + 105 + 151.5 + 21 = 327.5. ಒಟ್ಟು ತೂಕ ಮೊದಲಿನಷ್ಟೇ ಇದೆ. ನೀರು ಎಲ್ಲಿಂದಲೂ ಹೊಸದಾಗಿ ಬರಲಿಲ್ಲ, ಎಲ್ಲಿಗೂ ಹೋಗಲಿಲ್ಲ. ನೀರಿನ ಕೊಡದಿಂದ ಉಸುಕಿನ ರಾಶಿಗೆ ಲೆಕ್ಕ ವರ್ಗವಾಯಿತು, ಅಷ್ಟೆ. ಈ ತಾಳೆಯನ್ನು ಮಕ್ಕಳು ತಾವೇ ಮಾಡಿದಾಗ ಲೆಕ್ಕದ ಮೇಲೆ ಅವರಿಗೆ ನಂಬಿಕೆ ಬರುತ್ತದೆ.

ಮಕ್ಕಳು ಕೊಡುವ ಉತ್ತರಗಳು

ಈ ಹಂತಕ್ಕೆ ಬರುವ ಮೊದಲು, ಸೂತ್ರ ಹೇಳದೆ, ಉಸುಕನ್ನು ಮಾತ್ರ ತೆಗೆದುಕೊಂಡು ಒಂದು ಪ್ರಶ್ನೆ ಕೇಳಿದ್ದೆ: ಉಸುಕಿನ ಮೇಲ್ಮೈ ನೀರು ಶೇ. 5 ಇದ್ದರೆ ನೀವು ಏನನ್ನು ಎಷ್ಟು ಬದಲಾಯಿಸುತ್ತೀರಿ? ಬಂದ ಉತ್ತರಗಳು ಮೂರು ಬಗೆಯವು. ಮೂರರ ಹಿಂದೆಯೂ ಒಂದೊಂದು ಯೋಚನೆಯಿದೆ.

ಮೊದಲ ಬಗೆ: ನೀರಿನಲ್ಲಿ ಶೇ. 5 ಕಡಿಮೆ ಮಾಡುವುದು, 27.5ರಿಂದ 26.1ಕ್ಕೆ. ಇಲ್ಲಿ ಶೇಕಡ ಉಸುಕಿನದು, ಕಳೆದದ್ದು ನೀರಿನ ಶೇಕಡ. ಆಧಾರ ಒಂದರಿಂದ ಇನ್ನೊಂದಕ್ಕೆ ಜಾರಿತು.

ಎರಡನೆಯ ಬಗೆ: ಉಸುಕಿನಲ್ಲಿ ಶೇ. 5 ಕಡಿಮೆ ಮಾಡಿ 95 ಕೆ.ಜಿ. ಹಾಕುವುದು. ‘ಹೆಚ್ಚಿಗೆ ಏನೋ ಸೇರಿದೆ, ಆದ್ದರಿಂದ ಕಳೆಯಬೇಕು’ ಎಂಬುದು ಇದರ ಹಿಂದಿನ ಯೋಚನೆ. ಆದರೆ ತಕ್ಕಡಿಯಲ್ಲಿ ಬಿದ್ದ 100 ಕೆ.ಜಿ.ಯಲ್ಲಿ ಒಂದಿಷ್ಟು ನೀರು ಇರುವುದರಿಂದ ನಿಜವಾದ ಉಸುಕು ಆಗಲೇ ಕಡಿಮೆಯಿದೆ. ಇನ್ನೂ ಕಳೆದರೆ ಮತ್ತಷ್ಟು ಕೊರತೆ.

ಮೂರನೆಯ ಬಗೆ: ಉಸುಕು 105, ನೀರು 5 ಕಡಿಮೆ. ಇದು ಸರಿಯಾದ ದಿಕ್ಕು.

ನಂತರ ಹಿಮ್ಮುಖ ಪ್ರಶ್ನೆ: 100 ಕೆ.ಜಿ. ಒದ್ದೆ ಉಸುಕಿನಲ್ಲಿ ಉಸುಕು ಎಷ್ಟು? ಬಹುತೇಕ ಎಲ್ಲರೂ 95 ಎನ್ನುತ್ತಾರೆ. 95ಕ್ಕೆ ಅದರ ಶೇ. 5 ಸೇರಿಸಿ ನೋಡಿ ಎಂದರೆ 99.75 ಬರುತ್ತದೆ, 100 ಬರುವುದಿಲ್ಲ. 100 ÷ 1.05, ಅಂದರೆ 95.24 ಎಂಬುದನ್ನು ಆಗ ತಾವೇ ಹುಡುಕುತ್ತಾರೆ. ಶೇ. 5 ಏರಿಸಿ ಶೇ. 5 ಇಳಿಸಿದರೆ ಮೊದಲಿನ ಜಾಗಕ್ಕೆ ಬರುವುದಿಲ್ಲ ಎಂಬ ಕಲಿಕಾಂಶ ಇಲ್ಲಿ ತಾನಾಗಿ ಮೂಡುತ್ತದೆ.

ಸರಿಪಡಿಸದಿದ್ದರೆ ಏನಾಗುತ್ತದೆ?

ಮಳೆಯ ಮರುದಿನದ ಅದೇ ಉಸುಕು-ಜಲ್ಲಿಯನ್ನು ಲೆಕ್ಕವಿಲ್ಲದೆ 100, 150 ಎಂದು ತೂಗಿ, ನೀರನ್ನೂ 27.5 ಲೀಟರ್ ಹಾಕಿದರೆ ಏನಾಗುತ್ತದೆ? ಉಸುಕಿನೊಡನೆ 4.72 ಕೆ.ಜಿ., ಜಲ್ಲಿಯೊಡನೆ 1.48 ಕೆ.ಜಿ. ನೀರು ಬಂದಿದೆ. ಸಿಮೆಂಟಿಗೆ ಸಿಗುವ ನೀರು ಒಟ್ಟು 33.7 ಕೆ.ಜಿ. ಅನುಪಾತ 0.55ರಿಂದ 0.67ಕ್ಕೆ ಏರಿತು. ಸಿಮೆಂಟ್ ಅಷ್ಟೇ, ಖರ್ಚು ಅಷ್ಟೇ, ಸ್ಲ್ಯಾಬ್ ಮಾತ್ರ ದುರ್ಬಲ. ಹಾಕಿದ ದಿನ ಇದು ಕಣ್ಣಿಗೆ ಕಾಣುವುದೂ ಇಲ್ಲ, ಸಲೀಸಾಗಿ ಹರಿಯುವ ಮಿಶ್ರಣ ನೋಡಲು ಚೆನ್ನಾಗಿಯೇ ಇರುತ್ತದೆ.

ಈ ಲೆಕ್ಕ ಬರೆದಾಗ ಒಬ್ಬ ವಿದ್ಯಾರ್ಥಿನಿ ಎದ್ದು ಹೇಳಿದಳು: “ಟೀಚರ್, ನಮ್ಮಪ್ಪ ಉಸುಕು ಮುಷ್ಟಿಯಾಗ ಹಿಡದು ನೋಡಿ, ನೀರು ಕಡಿಮಿ ಹಾಕ್ರಿ ಅಂತಾನ್ರಿ. ತೂಕ ಏನೂ ಮಾಡಲ್ಲ.”

ಈ ಮಾತನ್ನು ತಳ್ಳಿಹಾಕದೆ ಪಾಠದೊಳಕ್ಕೆ ತೆಗೆದುಕೊಳ್ಳಬೇಕು. ಅನುಭವಿ ಮೇಸ್ತ್ರಿಯ ಕೈ ಒಂದು ಉಪಕರಣವೇ. ಉಸುಕು ಒದ್ದೆಯಿದ್ದರೆ ನೀರು ಕಡಿಮೆ ಎಂಬ ತಿಳಿವಳಿಕೆ ಅಬ್ರಾಮ್ಸ್ ನಿಯಮಕ್ಕೆ ಹೊಂದುವಂಥದ್ದೇ. ಸಂಹಿತೆಯಲ್ಲಿ ಕೂಡ, ನಿಖರ ಅಳತೆ ಸಿಗದಿದ್ದಾಗ ನಾಮಿನಲ್ ಮಿಶ್ರಣಗಳಿಗೆ ಮಾತ್ರ ಬಳಸಬಹುದಾದ ಅಂದಾಜುಗಳಿವೆ: ತುಂಬಾ ಒದ್ದೆ ಉಸುಕಿಗೆ ಮೇಲ್ಮೈ ನೀರು ಶೇ. 7.5, ಸಾಧಾರಣ ಒದ್ದೆಗೆ ಶೇ. 5, ಸ್ವಲ್ಪ ತೇವಕ್ಕೆ ಶೇ. 2.5. ನೋಡಿ, ಮುಟ್ಟಿ ಅಂದಾಜಿಸುವ ಆ ಮೇಸ್ತ್ರಿಯ ಕೆಲಸಕ್ಕೆ ಸಂಖ್ಯೆ ಕೊಟ್ಟಂತಿದೆ ಇದು.

ಆದರೆ ಕೈ ಸರಿಪಡಿಸುವುದು ನೀರನ್ನು ಮಾತ್ರ. ನೀರನ್ನು ಸರಿಯಾಗಿ ಕಡಿಮೆ ಮಾಡಿದರೂ 100 ಕೆ.ಜಿ. ಒದ್ದೆ ಉಸುಕಿನಲ್ಲಿ ಸುಮಾರು 4.7 ಕೆ.ಜಿ. ಉಸುಕು ಕೊರತೆ ಹಾಗೆಯೇ ಉಳಿಯುತ್ತದೆ. ಉಸುಕು ಕಡಿಮೆಯಾದ ಮಿಶ್ರಣದಲ್ಲಿ ಜಲ್ಲಿಯ ನಡುವಿನ ಸಂದು ಸರಿಯಾಗಿ ತುಂಬದಿರಬಹುದು, ಒಟ್ಟು ಕಾಂಕ್ರೀಟೂ ಕಡಿಮೆಯಾಗುತ್ತದೆ. ಬಾಂಡ್ಲಿಯಲ್ಲಿ ಅಳೆಯುವ ಕಡೆ ಈ ಕೊರತೆ ಇನ್ನೂ ದೊಡ್ಡದು.

ಬಾಂಡ್ಲಿ ಅಳತೆ ಮತ್ತು ಉಬ್ಬುವ ಉಸುಕು

ಸಣ್ಣ ಮನೆಗಳ ಕೆಲಸದಲ್ಲಿ ತಕ್ಕಡಿ ಇರುವುದು ಅಪರೂಪ, ಬಾಂಡ್ಲಿಯೇ ಅಳತೆ. ಸ್ವಲ್ಪ ತೇವವಾದ ಉಸುಕು ಉಬ್ಬುತ್ತದೆ. ಕಣಗಳ ಸುತ್ತಲಿನ ನೀರಿನ ಪೊರೆ, ಮೇಲ್ಮೈ ಸೆಳೆತದಿಂದಾಗಿ, ಕಣಗಳನ್ನು ಒತ್ತಾಗಿ ಕೂರಲು ಬಿಡುವುದಿಲ್ಲ. ಶೇ. 5ರ ಆಸುಪಾಸಿನ ತೇವದಲ್ಲಿ ಉಸುಕಿನ ಗಾತ್ರ ಶೇ. 20ರಿಂದ 30ರವರೆಗೂ ಹೆಚ್ಚಬಹುದು. ನಯವಾದ ಉಸುಕು ಹೆಚ್ಚು ಉಬ್ಬುತ್ತದೆ. ಪೂರ್ತಿ ನೀರಿನಲ್ಲಿ ಮುಳುಗಿಸಿದರೆ ಪೊರೆ ಕಳೆದು, ಉಸುಕು ಮತ್ತೆ ಕೆಳಗಿಳಿಯುತ್ತದೆ. ಜಲ್ಲಿಯಲ್ಲಿ ಈ ಉಬ್ಬು ನಗಣ್ಯ.

ತರಗತಿಯಲ್ಲಿ ತೋರಿಸಲು ಒಂದು ನೇರ ಗಾಜಿನ ಜಾಡಿ ಸಾಕು. ತೇವದ ಉಸುಕನ್ನು ಒತ್ತದೆ 20 ಸೆಂ.ಮೀ. ಎತ್ತರಕ್ಕೆ ತುಂಬಬೇಕು. ಅದನ್ನು ತಟ್ಟೆಗೆ ಸುರಿದುಕೊಂಡು, ಜಾಡಿಗೆ ಅರ್ಧ ನೀರು ಹಾಕಿ, ಉಸುಕನ್ನು ಕಡ್ಡಿಯಿಂದ ಕಲಕುತ್ತ ಮರಳಿ ಹಾಕಬೇಕು. ಉಸುಕು ಕೂತ ಮೇಲೆ ಎತ್ತರ 16 ಸೆಂ.ಮೀ. ಬಂತೆಂದು ಇಟ್ಟುಕೊಳ್ಳೋಣ. ಉಬ್ಬು 4 ÷ 16, ಶೇ. 25. ಬಾಂಡ್ಲಿಯಲ್ಲಿ ಆದ ಕೊರತೆ 4 ÷ 20, ಶೇ. 20. ಅದೇ 4 ಸೆಂ.ಮೀ., ಎರಡು ಶೇಕಡಗಳು. ಮೊದಲನೆಯದರ ಆಧಾರ ಕೂತ ಉಸುಕು, ಎರಡನೆಯದರ ಆಧಾರ ಉಬ್ಬಿದ ಉಸುಕು. ಐದು ಬಾಂಡ್ಲಿ ಹಾಕಿದೆವು ಎಂದುಕೊಂಡಾಗ ನಿಜವಾಗಿ ಹೋದದ್ದು ನಾಲ್ಕು. ನಾಲ್ಕು ಬಾಂಡ್ಲಿ ಬೇಕಾದಲ್ಲಿ ಐದು ಹಾಕಬೇಕು.

ಕಟ್ಟಡದ ಕೆಲಸಕ್ಕೆ ಹೋಗುವ ಮನೆಯ ಮಕ್ಕಳಿಗೆ ಇದು ಮನೆಗೆ ಒಯ್ಯಬಹುದಾದ ಪ್ರಯೋಗ. ತಕ್ಕಡಿ ಬೇಡ, ಒಲೆ ಬೇಡ, ಜಾಡಿ ಮತ್ತು ಅಳತೆಪಟ್ಟಿ ಸಾಕು. ಹೊಳೆ ಉಸುಕಿಗೂ ಎಂ-ಸ್ಯಾಂಡಿಗೂ ಫಲಿತಾಂಶ ಬೇರೆ ಬರಬಹುದು. ಆಯಾ ಲೋಡನ್ನು ಆಯಾ ದಿನವೇ ನೋಡಬೇಕು ಎಂಬುದನ್ನೂ ಹೇಳಬೇಕು.

ಬೇಸಿಗೆಯ ಲೆಕ್ಕ: ಋಣ ಸಂಖ್ಯೆಗೆ ಒಂದು ಉದಾಹರಣೆ

ಮೇ ತಿಂಗಳಲ್ಲಿ ಲೆಕ್ಕ ತಿರುಗುತ್ತದೆ. ಉಸುಕಿನ ಒಟ್ಟು ತೇವಾಂಶ ಶೇ. 0.2, ಹೀರಿಕೆ ಶೇ. 1 ಎಂದಿಟ್ಟುಕೊಂಡರೆ ಮೇಲ್ಮೈ ನೀರು 0.2 − 1 = −0.8. ಋಣ ಚಿಹ್ನೆಯ ಅರ್ಥ, ಉಸುಕು ನೀರು ಕೊಡುವ ಬದಲು ಕಸಿಯುತ್ತದೆ. ಜಲ್ಲಿಯ ತೇವಾಂಶ ಶೇ. 0.1, ಹೀರಿಕೆ ಶೇ. 0.5 ಆದರೆ −0.4. ಆಗ ತೂಗಬೇಕಾದ ಉಸುಕು 99.2 ಕೆ.ಜಿ., ಜಲ್ಲಿ 149.4 ಕೆ.ಜಿ., ನೀರು 28.9 ಕೆ.ಜಿ. ಒಟ್ಟು ಮತ್ತೆ 327.5.

ಅಂದರೆ ಒಂದೇ ಮಿಶ್ರಣ, ಒಂದೇ ಬಲ, ಒಂದೇ ಚೀಲ ಸಿಮೆಂಟ್. ಮಳೆಯ ಮರುದಿನ ಮಿಕ್ಸರಿಗೆ ಹಾಕುವ ನೀರು 21 ಲೀಟರ್, ಬೇಸಿಗೆಯಲ್ಲಿ 29 ಲೀಟರ್. ‘ಒಂದು ಚೀಲಕ್ಕೆ ಎಷ್ಟು ಕೊಡ ನೀರು?’ ಎಂಬ ಪ್ರಶ್ನೆಗೆ ವರ್ಷವಿಡೀ ನಡೆಯುವ ಒಂದೇ ಉತ್ತರವಿಲ್ಲ. ದೊಡ್ಡ ಬ್ಯಾಚಿಂಗ್ ಪ್ಲಾಂಟುಗಳಲ್ಲಿ ಉಸುಕಿನ ತೊಟ್ಟಿಗೇ ತೇವಾಂಶದ ಸಂವೇದಕ ಅಳವಡಿಸಿ ಕಂಪ್ಯೂಟರ್ ಈ ಲೆಕ್ಕವನ್ನು ಮಾಡುವುದುಂಟು. ಅದು ಮಾಡುವುದೂ ಮೇಲಿನ ಕೂಡು-ಕಳೆಯ ಲೆಕ್ಕವನ್ನೇ.

ಪಾಠದ ಯೋಜನೆ ಮತ್ತು ಮೌಲ್ಯಮಾಪನ

ಈ ಪಾಠಕ್ಕೆ ಎರಡು ಅವಧಿಗಳು ಬೇಕು. ಮೊದಲ ಅವಧಿಯಲ್ಲಿ ಕಡಲೆಯ ನಾಲ್ಕು ತಟ್ಟೆ, ಒಣಗಿಸುವ ಪರೀಕ್ಷೆ ಮತ್ತು ಭತ್ತ-ಉಸುಕಿನ ಹೋಲಿಕೆ. ಎರಡನೆಯದರಲ್ಲಿ ಮಿಶ್ರಣದ ಲೆಕ್ಕ, ಜಾಡಿಯ ಪ್ರಯೋಗ ಮತ್ತು ಮೌಲ್ಯಮಾಪನ. ಪೂರ್ವಜ್ಞಾನವಾಗಿ ಅನುಪಾತ, ಶೇಕಡ ಮತ್ತು ದಶಮಾಂಶ ಭಾಗಾಕಾರ ಗೊತ್ತಿದ್ದರೆ ಸಾಕು. ಭಾಗಾಕಾರದಲ್ಲಿ ನಿಧಾನವಿರುವ ಮಕ್ಕಳಿಗೆ ಒಣ ತೂಕ 400 ಅಥವಾ 500 ಗ್ರಾಂ ಇರುವ ಉದಾಹರಣೆಗಳನ್ನೇ ಕೊಡುವುದು ಒಳ್ಳೆಯದು. ಐದೈದು ಮಕ್ಕಳ ಗುಂಪಿನಲ್ಲಿ ಒಬ್ಬರು ತೂಗಿ, ಒಬ್ಬರು ಬರೆದು, ಒಬ್ಬರು ತಾಳೆ ನೋಡುವಂತೆ ಕೆಲಸ ಹಂಚಬಹುದು.

ಮಾರ್ಗದರ್ಶಕ ಶಿಕ್ಷಕರು ಕೊಟ್ಟ ಒಂದು ಸಲಹೆ ತುಂಬಾ ಉಪಯೋಗಕ್ಕೆ ಬಂತು: ಶೇಕಡ ಬರೆಯುವ ಪ್ರತಿ ಸಾಲಿನಲ್ಲೂ ಛೇದದ ಹೆಸರನ್ನು ಪದದಲ್ಲಿ ಬರೆಯಿಸುವುದು. ‘ಶೇ. 6’ ಎಂದು ಬರೆದರೆ ಪೂರ್ಣ ಅಂಕವಿಲ್ಲ, ‘ಒಣ ಉಸುಕಿನ ಶೇ. 6’ ಎಂದು ಬರೆದರೆ ಮಾತ್ರ. ಎರಡನೆಯ ಅವಧಿಯ ಹೊತ್ತಿಗೆ ಮಕ್ಕಳು ಪರಸ್ಪರ “ಯಾವುದರದು?” ಎಂದು ಕೇಳಿಕೊಳ್ಳುತ್ತಿದ್ದರು.

ಮೌಲ್ಯಮಾಪನಕ್ಕೆ ಬಳಸಬಹುದಾದ ನಾಲ್ಕು ಪ್ರಶ್ನೆಗಳು, ಉತ್ತರಸಹಿತ:

1. ಒದ್ದೆ ಉಸುಕು 420 ಗ್ರಾಂ, ಒಣಗಿದ ಮೇಲೆ 400 ಗ್ರಾಂ. ಒಣ ತೂಕದ ಆಧಾರದಲ್ಲಿ ತೇವಾಂಶ ಎಷ್ಟು? ಒದ್ದೆ ತೂಕದ ಆಧಾರದಲ್ಲಿ? (ಶೇ. 5, ಸುಮಾರು ಶೇ. 4.76)
2. ಅದೇ ಉಸುಕಿನ ಹೀರಿಕೆ ಶೇ. 1. ಒರೆಸಿದ ಸ್ಥಿತಿಯ 200 ಕೆ.ಜಿ. ಬೇಕಿದ್ದರೆ ಒದ್ದೆ ಉಸುಕು ಎಷ್ಟು ತೂಗಬೇಕು? ನೀರು ಎಷ್ಟು ಕಡಿಮೆ ಮಾಡಬೇಕು? (207.92 ಕೆ.ಜಿ.; 7.92 ಕೆ.ಜಿ.)
3. ತೇವದಿಂದ ಉಸುಕಿನ ಗಾತ್ರ ಶೇ. 20 ಉಬ್ಬಿದೆ. ಒಂದು ಬಾಂಡ್ಲಿಯಲ್ಲಿ ಉಸುಕು ಶೇಕಡ ಎಷ್ಟು ಕೊರತೆ? (ಸುಮಾರು ಶೇ. 16.67)
4. ಶೇ. 20 ತೇವಾಂಶದ 50 ಕೆ.ಜಿ. ಭತ್ತವನ್ನು ಶೇ. 17 ತೇವಾಂಶಕ್ಕೆ ಒಣಗಿಸಿದರೆ ತೂಕ ಎಷ್ಟಾಗುತ್ತದೆ? (ಒಣ ಪದಾರ್ಥ 40 ಕೆ.ಜಿ.; 40 ÷ 0.83 = ಸುಮಾರು 48.2 ಕೆ.ಜಿ.)

ನಾಲ್ಕನೆಯ ಪ್ರಶ್ನೆ ಬಿಡಿಸುವಾಗ 20ರಿಂದ 17 ಕಳೆದು ‘ಶೇ. 3 ಕಡಿಮೆ, 48.5 ಕೆ.ಜಿ.’ ಎನ್ನುವ ಮಗುವಿಗೆ ಉತ್ತರ ತಿದ್ದಿಕೊಡುವ ಬದಲು “ಒಣಗಿಸುವಾಗ ಯಾವುದು ಬದಲಾಗಲಿಲ್ಲ?” ಎಂದು ಕೇಳಬೇಕು. 40 ಕೆ.ಜಿ. ಎಂಬ ಉತ್ತರ ಬಂದರೆ ಉಳಿದದ್ದನ್ನು ಮಗು ತಾನೇ ಮಾಡುತ್ತದೆ.

ಬೇರೆ ಊರುಗಳಲ್ಲಿ ಬೋಧನಾಭ್ಯಾಸ ಮಾಡುವ ಸಹಪಾಠಿಗಳು ಉಸುಕಿನ ಜಾಗಕ್ಕೆ ಆಯಾ ಊರಿನ ವಸ್ತುವನ್ನು ತಂದುಕೊಳ್ಳಬಹುದು: ಕಾಫಿ ಬೀಜ, ಕೊಬ್ಬರಿ, ಅಡಿಕೆ, ಹತ್ತಿ. ಎಲ್ಲದರಲ್ಲೂ ತೇವಾಂಶವಿದೆ, ಎಲ್ಲದರಲ್ಲೂ ಹಣ ಅಥವಾ ಭದ್ರತೆ ಅದನ್ನು ಅವಲಂಬಿಸಿದೆ. ಮೊದಲು ಆ ವಸ್ತುವಿನ ರೂಢಿಯ ಆಧಾರ ಒದ್ದೆ ತೂಕವೋ ಒಣ ತೂಕವೋ ಎಂಬುದನ್ನು ಶಿಕ್ಷಕರು ಖಚಿತಪಡಿಸಿಕೊಂಡು ತರಗತಿಗೆ ಹೋಗಬೇಕು. ಎರಡು ಆಧಾರಗಳ ಎರಡು ಉತ್ತರಗಳನ್ನೂ ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಯಾವ ಕೆಲಸಕ್ಕೆ ಯಾವುದು ಬೇಕೆಂಬ ತೀರ್ಮಾನವನ್ನು ಮಕ್ಕಳಿಗೇ ಬಿಡುವುದು ಉತ್ತಮ.